ಗಲ್ಲಾಪೆಟ್ಟಿಗೆಯ ಬೀಗದ ಕೈ ಒಪ್ಪಿಸಿದ ಮೇಲೆ: ಮೋಟಾರ್‌ಸೈಕಲ್, ಕ್ಯಾಮರಾ ಮತ್ತು ವರ್ತಕನ ನಿವೃತ್ತಿ

ಸರ್ಕಾರಿ ನೌಕರನ ನಿವೃತ್ತಿಯ ದಿನವನ್ನು ಸರ್ಕಾರವೇ ನಿಗದಿಪಡಿಸುತ್ತದೆ. ರಾಜ್ಯ ಸರ್ಕಾರದ ನೌಕರನಿಗೆ 60 ವರ್ಷ ತುಂಬಿದ ತಿಂಗಳ ಕೊನೆಗೆ ಹಾರ, ಶಾಲು, ಹಣ್ಣಿನ ಬುಟ್ಟಿಯೊಡನೆ ಬೀಳ್ಕೊಡುಗೆ ದೊರೆಯುತ್ತದೆ. ವರ್ತಕನಿಗಾಗಲಿ ಸಣ್ಣ ಕೈಗಾರಿಕೆಯ ಮಾಲೀಕನಿಗಾಗಲಿ ಅಂತಹ ದಿನವೆಂಬುದಿಲ್ಲ. ಅಂಗಡಿಯ ಬೀಗದ ಕೈ ಮಗನ ಕೈಗೆ ಹೋಗಿರುತ್ತದೆ. ಗಲ್ಲಾಪೆಟ್ಟಿಗೆಯ ಬೀಗದ ಕೈ ಮಾತ್ರ ತಂದೆಯ ಸೊಂಟದಲ್ಲಿಯೇ ಉಳಿದಿರುತ್ತದೆ. ಹೀಗೆ ಅರ್ಧ ಬಿಟ್ಟು ಅರ್ಧ ಹಿಡಿದ ಸ್ಥಿತಿಯಲ್ಲಿ ಮಗನಿಗೆ ಸ್ವಾತಂತ್ರ್ಯವಿಲ್ಲ, ತಂದೆಗೆ ವಿಶ್ರಾಂತಿಯಿಲ್ಲ.

ದುಡಿದ ಜೀವಕ್ಕೆ ಸುಮ್ಮನೆ ಕುಳಿತಿರುವುದು ಒಗ್ಗುವುದಿಲ್ಲವೆಂಬುದು ನಿಜ. ಆದ್ದರಿಂದಲೇ ನಿವೃತ್ತಿಯ ನಂತರದ ಚಟುವಟಿಕೆಯನ್ನು ಮೊದಲೇ ಆಯ್ದುಕೊಳ್ಳುವುದು ಜಾಣತನ. ಅಂತಹ ಚಟುವಟಿಕೆಗಳಲ್ಲಿ ಮೋಟಾರ್‌ಸೈಕಲ್ ಪ್ರವಾಸ ಮತ್ತು ಸ್ವತಂತ್ರ ಛಾಯಾಗ್ರಹಣ ಒಂದಕ್ಕೊಂದು ಹೊಂದಿಕೊಳ್ಳುವ ಜೋಡಿ. ಒಂದು ಮನುಷ್ಯನನ್ನು ಮನೆಯಿಂದ ಹೊರಗೆ ಕರೆದೊಯ್ಯುತ್ತದೆ. ಇನ್ನೊಂದು ಹೋದ ಕಡೆ ನಿಂತು ನೋಡುವಂತೆ ಮಾಡುತ್ತದೆ.

ಲೆಕ್ಕಶಾಸ್ತ್ರ ಓದಿದ ಪಕ್ಷಿತಜ್ಞ

ಇದು ಹುಡುಗರ ಹುಚ್ಚು ಎಂದು ಭಾವಿಸುವವರು ಡಾ. ಸಾಲಿಂ ಅಲಿಯವರ ಜೀವನವನ್ನು ಗಮನಿಸಬಹುದು. 1896ರಲ್ಲಿ ಜನಿಸಿದ ಅವರು ಯೌವನದಲ್ಲಿ ಬರ್ಮಾದ ತವಾಯ್‌ಗೆ ಹೋದದ್ದು ಕುಟುಂಬದ ಟಂಗ್‌ಸ್ಟನ್ ಅದಿರು ಮತ್ತು ಮರದ ವ್ಯವಹಾರವನ್ನು ನೋಡಿಕೊಳ್ಳಲು. ಆ ವ್ಯವಹಾರ ಅವರಿಗೆ ಕೈಹಿಡಿಯಲಿಲ್ಲ. ಮುಂಬಯಿಗೆ ಹಿಂದಿರುಗಿ ವಾಣಿಜ್ಯ ಕಾನೂನು ಮತ್ತು ಲೆಕ್ಕಶಾಸ್ತ್ರವನ್ನೂ ಓದಿದರು. ಮೋಟಾರ್‌ಸೈಕಲ್ ಮೇಲಿನ ಪ್ರೀತಿ ಹುಟ್ಟಿದ್ದು ಬರ್ಮಾದಲ್ಲಿ. ಅದು ದೀರ್ಘಕಾಲ ಉಳಿಯಿತು. 1950ರಲ್ಲಿ ಸ್ವೀಡನ್ನಿನ ಉಪ್ಸಾಲದಲ್ಲಿ ಅಂತಾರಾಷ್ಟ್ರೀಯ ಪಕ್ಷಿವಿಜ್ಞಾನ ಸಮ್ಮೇಳನ ನಡೆದಾಗ, ತಮ್ಮ ಸನ್‌ಬೀಮ್ ಮೋಟಾರ್‌ಸೈಕಲನ್ನು ಹಡಗಿನಲ್ಲಿ ಯೂರೋಪಿಗೆ ಸಾಗಿಸಿ, ಅದರ ಮೇಲೆಯೇ ಸಮ್ಮೇಳನದ ಸ್ಥಳ ತಲುಪಿದರು. ಆಗ ಅವರಿಗೆ 53 ವರ್ಷ. ಭಾರತದಿಂದಲೇ ಸವಾರಿ ಮಾಡಿಕೊಂಡು ಬಂದರೆಂಬ ಸುದ್ದಿ ಅಲ್ಲಿ ಹಬ್ಬಿತಂತೆ. ಅವರ ಹತ್ತು ಸಂಪುಟಗಳ ಪಕ್ಷಿ ಕೈಪಿಡಿ, ಡಿಲ್ಲನ್ ರಿಪ್ಲೆಯವರೊಡನೆ ರಚಿಸಿದ್ದು, ಪ್ರಕಟವಾದದ್ದು 1968ರಿಂದ 1974ರ ಅವಧಿಯಲ್ಲಿ, ಎಂದರೆ ಅವರು 70 ದಾಟಿದ ಬಳಿಕ.

ಇದೇ ಸಾಲಿಂ ಅಲಿಯವರು 1939-40ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆ ನಡೆಸಿದವರು. ಬಿಳಿಗಿರಿರಂಗನ ಬೆಟ್ಟಗಳ ಪಕ್ಷಿಸಂಪತ್ತಿನ ಪರಿಚಯವೂ ಅವರಿಗಿತ್ತು.

ಉದ್ಯಮದೊಡನೆ ಕ್ಯಾಮರಾ

ಛಾಯಾಗ್ರಹಣದ ನಿದರ್ಶನ ಸಂಡೂರಿನ ಎಂ.ವೈ. ಘೋರ್ಪಡೆಯವರದು. ಮ್ಯಾಂಗನೀಸ್ ಗಣಿ ಉದ್ಯಮದ ಮನೆತನ. 1970ರ ದಶಕದಲ್ಲಿ ರಾಜ್ಯದ ಹಣಕಾಸು ಸಚಿವರ ಹೊಣೆ. ಮುಂದೆ ಗ್ರಾಮೀಣಾಭಿವೃದ್ಧಿ ಖಾತೆ. ಇಷ್ಟರ ನಡುವೆಯೂ ವನ್ಯಜೀವಿ ಛಾಯಾಗ್ರಹಣವನ್ನು ಅವರು ಬಿಡಲಿಲ್ಲ. ಅವರ ಕಪ್ಪು-ಬಿಳುಪು ಚಿತ್ರಗಳು ದೇಶದಾಚೆಗೂ ಹೆಸರು ಪಡೆದವು. ಬಿಡುವಾದ ಮೇಲೆ ಕ್ಯಾಮರಾ ಕೊಳ್ಳೋಣ ಎನ್ನುವವರು ಇಲ್ಲಿ ಕಲಿಯಬೇಕಾದ ಪಾಠವಿದೆ. ಹವ್ಯಾಸದ ಬೀಜವನ್ನು ದುಡಿಮೆಯ ಕಾಲದಲ್ಲಿಯೇ ಬಿತ್ತಬೇಕು. ನಿವೃತ್ತಿಯಲ್ಲಿ ಅದರ ಫಸಲು ದೊರೆಯುತ್ತದೆ.

ಕೊಳ್ಳೇಗಾಲದಿಂದ ಮಾರ್ಟಳ್ಳಿಗೆ

ಮೊದಲ ಪ್ರವಾಸಕ್ಕೆ ಲಡಾಖ್ ಬೇಕಿಲ್ಲ. ಮೈಸೂರು, ಚಾಮರಾಜನಗರಗಳ ವರ್ತಕರಿಗೆ ಕೊಳ್ಳೇಗಾಲ, ಹನೂರು, ಮಾರ್ಟಳ್ಳಿಯ ಹಾದಿಯೇ ಸಾಕು. ಬೆಳಗಿನ ಜಾವ ಹೊರಟರೆ ತಿರುಮಕೂಡಲು ನರಸೀಪುರದ ಸಂಗಮದಲ್ಲಿ ಎಳೆಬಿಸಿಲು ಸಿಗುತ್ತದೆ. ಕೊಳ್ಳೇಗಾಲದ ಸಮೀಪದಲ್ಲಿ ಶಿವನಸಮುದ್ರ. 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿದದ್ದು ಇಲ್ಲಿಂದಲೇ. ಯಳಂದೂರಿನ ಕಡೆಗೆ ತಿರುಗಿದರೆ ಗೌರೀಶ್ವರ ದೇವಾಲಯದ ಬಳೆಮಂಟಪ. ಅಲ್ಲಿಯ ಕಲ್ಲಿನ ಸರಪಳಿಯ ಬಳೆಗಳು ಯಾವ ಕ್ಯಾಮರಾಕ್ಕೂ ಒಳ್ಳೆಯ ಪರೀಕ್ಷೆ. ಕೊಳ್ಳೇಗಾಲದಿಂದ ಸುಮಾರು 25 ಕಿ.ಮೀ. ದೂರದಲ್ಲಿ ಹನೂರು, ಅಲ್ಲಿಂದ ರಾಮಾಪುರ, ಕೌದಳ್ಳಿಗಳ ಸೀಮೆಯನ್ನು ಹಾದರೆ ಮಾರ್ಟಳ್ಳಿ.

ಮಾರ್ಟಳ್ಳಿ ತಮಿಳುನಾಡಿನ ಗಡಿಗೆ ಹತ್ತಿರದ ಊರು. ಕನ್ನಡ, ತಮಿಳು ಎರಡೂ ಕಿವಿಗೆ ಬೀಳುತ್ತವೆ. ಮಾದಪ್ಪನ ಒಕ್ಕಲಿನ ನಾಡಿನಲ್ಲಿ ಚರ್ಚಿನ ಗಂಟೆಯೂ ಕೇಳುತ್ತದೆ. 1956ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು ಎಂಬುದನ್ನು ನೆನೆದರೆ ಈ ಬೆರಕೆ ಅರ್ಥವಾಗುತ್ತದೆ. ವೀರಪ್ಪನ್ ಹುಟ್ಟಿದ ಗೋಪಿನಾಥಂ ಇದೇ ಸೀಮೆಯಲ್ಲಿದೆ. 1991ರ ನವೆಂಬರಿನಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವನ ಕೈಯಲ್ಲಿ ಹತರಾದರು. 1997ರಲ್ಲಿ ವನ್ಯಜೀವಿ ಛಾಯಾಗ್ರಾಹಕರಾದ ಕೃಪಾಕರ-ಸೇನಾನಿಯವರನ್ನು ಬಂಡೀಪುರದಿಂದ ಅಪಹರಿಸಲಾಯಿತು. 2004ರ ಅಕ್ಟೋಬರಿನಲ್ಲಿ ವೀರಪ್ಪನ್ ಹತನಾದ ನಂತರವೇ ಈ ಬೆಟ್ಟಗಳು ಪ್ರವಾಸಿಗಳಿಗೆ ನಿರಾತಂಕವಾಗಿ ತೆರೆದುಕೊಂಡವು.

ಇಂದು ಇಲ್ಲಿ ಭಯಪಡಬೇಕಾದದ್ದು ಆನೆಗೆ. 1987ರ ಕಾವೇರಿ ವನ್ಯಧಾಮ, 2013ರಲ್ಲಿ ಘೋಷಿತವಾದ ಮಲೆ ಮಹದೇಶ್ವರ ವನ್ಯಧಾಮ ಎರಡೂ ಈ ಸೀಮೆಯಲ್ಲಿವೆ. ಕಾಡಿನ ರಸ್ತೆಯಲ್ಲಿ ವಾಹನ ನಿಲ್ಲಿಸಿ ಚಿತ್ರ ತೆಗೆಯಬಾರದು. ಕತ್ತಲಾಗುವ ಮೊದಲು ಊರು ಸೇರಬೇಕು. ಹೊಲದಲ್ಲಿ ದುಡಿಯುವವರ ಚಿತ್ರ ತೆಗೆಯುವ ಮುನ್ನ ಎರಡು ಮಾತಾಡಿ ಒಪ್ಪಿಗೆ ಪಡೆಯಬೇಕು. ಗಿರಾಕಿಯನ್ನು ಮಾತನಾಡಿಸಿ ಅಭ್ಯಾಸವಿರುವ ವರ್ತಕನಿಗೆ ಇದು ಕಷ್ಟವಲ್ಲ.

ವಾಹನ ಮತ್ತು ವಯಸ್ಸು

ಮೈಸೂರಿನವರಿಗೆ ಮೋಟಾರ್‌ಸೈಕಲ್ ಎಂದರೆ ಜಾವಾ ನೆನಪಾಗುವುದು ಸಹಜ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಲ್ಲಿ ಉತ್ಪಾದನೆ ಆರಂಭವಾಯಿತು. 1973ರಿಂದ ಯೆಜ್ಡಿ ಹೆಸರು ಬಂತು. 1996ರಲ್ಲಿ ಕಾರ್ಖಾನೆ ನಿಂತಿತು. ಆದರೂ ಆ ಗಾಡಿಗಳನ್ನು ಓಡಿಸುವವರೂ ಬಿಚ್ಚಿ ಜೋಡಿಸುವ ಮೆಕ್ಯಾನಿಕ್‌ಗಳೂ ಉಳಿದರು. ಜಾವಾ ಹೆಸರು 2018ರಲ್ಲಿ, ಯೆಜ್ಡಿ 2022ರಲ್ಲಿ ಬೇರೊಂದು ಸಂಸ್ಥೆಯ ಮೂಲಕ ಮತ್ತೆ ಮಾರುಕಟ್ಟೆಗೆ ಬಂದವು. ಒಳ್ಳೆಯ ಸರಕಿನ ಹೆಸರು ಕಾರ್ಖಾನೆಗಿಂತ ಹೆಚ್ಚು ಕಾಲ ಬಾಳುತ್ತದೆ ಎಂಬುದಕ್ಕೆ ಇದೇ ಸಾಕ್ಷಿ.

ಆದರೆ 60ರ ನಂತರ ನೆನಪಿಗಿಂತ ಬ್ರೇಕು ಮುಖ್ಯ. 2019ರ ಏಪ್ರಿಲ್‌ನಿಂದ 125 ಸಿಸಿಗೆ ಮೇಲ್ಪಟ್ಟ ಹೊಸ ದ್ವಿಚಕ್ರ ವಾಹನಗಳಿಗೆ ಎಬಿಎಸ್ ಕಡ್ಡಾಯವಾಗಿದೆ. ಘಾಟಿ ರಸ್ತೆಗೆ ಅಂತಹ ವಾಹನವೇ ಲೇಸು. ನಿಂತಾಗ ಎರಡೂ ಪಾದ ನೆಲ ಮುಟ್ಟಬೇಕು, ಬಿದ್ದ ಗಾಡಿಯನ್ನು ಒಬ್ಬರೇ ಎತ್ತಬಲ್ಲಂತಿರಬೇಕು. 55 ದಾಟಿದವರ ಚಾಲನಾ ಪರವಾನಗಿ ಒಂದು ಬಾರಿಗೆ 5 ವರ್ಷ ಮಾತ್ರ ನವೀಕರಣವಾಗುತ್ತದೆ. ವೈದ್ಯರ ಪ್ರಮಾಣಪತ್ರವೂ ಬೇಕು. ಇದನ್ನು ಕಾಟವೆಂದು ಬಗೆಯದೆ ಕಣ್ಣು, ಕಿವಿ, ರಕ್ತದೊತ್ತಡಗಳ ತಪಾಸಣೆಗೆ ನೆಪವಾಗಿಸಿಕೊಳ್ಳುವುದು ಒಳಿತು. ವಾಹನ ವಿಮೆಯೊಡನೆ ಮಾಲೀಕ-ಚಾಲಕನಿಗೆ 15 ಲಕ್ಷ ರೂ.ಗಳ ವೈಯಕ್ತಿಕ ಅಪಘಾತ ರಕ್ಷಣೆ ಇದೆಯೇ ಎಂದು ಪಾಲಿಸಿ ತೆರೆದು ನೋಡಬೇಕು. ಐಎಸ್‌ಐ ಗುರುತಿನ ಹೆಲ್ಮೆಟ್ಟಿನ ವಿಷಯದಲ್ಲಿ ಚೌಕಾಶಿ ಸಲ್ಲದು.

ಚಿತ್ರದಿಂದ ಸಂಪಾದನೆ

ಪತ್ರಿಕೆಗಳಿಗೆ ನಿಸರ್ಗಚಿತ್ರ ಮಾರಿ ಹಣ ಗಳಿಸುವುದು ಸುಲಭವಲ್ಲ; ಚಿತ್ರ ಕಳುಹಿಸುವವರು ಹೆಚ್ಚು, ಕೊಳ್ಳುವವರು ಕಡಿಮೆ. ವರ್ತಕನ ನಿಜವಾದ ಅನುಕೂಲ ಬೇರೆಡೆ ಇದೆ. ಅವನಿಗೆ ಸರಕು ಗೊತ್ತು. ಕೊಳ್ಳೇಗಾಲದ ರೇಷ್ಮೆ ಬಟ್ಟೆಯ ಮಡಿಕೆಯಲ್ಲಿ ಬೆಳಕು ಹೇಗೆ ಬಿದ್ದರೆ ಬಣ್ಣ ನಿಜವಾಗಿ ಕಾಣುತ್ತದೆಂಬುದು ನಲವತ್ತು ವರ್ಷ ಸೀರೆ ಮಾರಿದವನಿಗೆ ತಿಳಿದಷ್ಟು ಹೊಸ ಛಾಯಾಗ್ರಾಹಕನಿಗೆ ತಿಳಿದಿರದು. ಇಂದು ಸಣ್ಣ ತಯಾರಕನೂ ಮೊಬೈಲಿನಲ್ಲಿಯೇ ಸರಕು ತೋರಿಸಿ ಮಾರಬೇಕಾಗಿದೆ. ಅವನಿಗೆ ಬೇಕಾದ ಚಿತ್ರಗಳನ್ನು ತೆಗೆದುಕೊಡುವುದು ನಿವೃತ್ತನಿಗೆ ಒಪ್ಪುವ ಕೆಲಸ.

ಕೆಲಸಕ್ಕೆ ಮೊದಲು ಕರಾರನ್ನು ಬರೆದುಕೊಳ್ಳಬೇಕು. 1957ರ ಹಕ್ಕುಸ್ವಾಮ್ಯ ಕಾಯಿದೆಯಂತೆ ಚಿತ್ರದ ಕರ್ತೃ ಅದನ್ನು ತೆಗೆದವನೇ. ಆದರೆ ಹಣ ಕೊಟ್ಟು ತೆಗೆಸಿದ ಛಾಯಾಚಿತ್ರಕ್ಕೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ತೆಗೆಸಿದವನೇ ಮೊದಲ ಮಾಲೀಕನಾಗುತ್ತಾನೆ. ಸೇವೆಗಳ ವಾರ್ಷಿಕ ವಹಿವಾಟು 20 ಲಕ್ಷ ರೂ. ಮೀರದಿದ್ದರೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಆದರೆ ಈ ಲೆಕ್ಕ ಪ್ಯಾನ್ ಸಂಖ್ಯೆಯನ್ನು ಅನುಸರಿಸುತ್ತದೆ. ಅಂಗಡಿ ಇನ್ನೂ ತಂದೆಯ ಹೆಸರಿನಲ್ಲಿಯೇ ಇದ್ದರೆ ಚಿತ್ರದ ಸಂಪಾದನೆಯೂ ಅದೇ ವಹಿವಾಟಿಗೆ ಸೇರುತ್ತದೆ.

ಕಾಗದದ ಮೇಲೂ ನಿವೃತ್ತಿ

ಇಲ್ಲಿಗೆ ವಿಷಯದ ಮೂಲಕ್ಕೆ ಬಂದಂತಾಯಿತು. ದೇಹ ಮಾರ್ಟಳ್ಳಿಯ ಹಾದಿಯಲ್ಲಿದ್ದರೂ ಸಹಿ ಅಂಗಡಿಯಲ್ಲಿಯೇ ಉಳಿದಿದ್ದರೆ ಅದು ರಜೆಯೇ ಹೊರತು ನಿವೃತ್ತಿಯಲ್ಲ. ಏಕಮಾಲೀಕತ್ವದ ಅಂಗಡಿಯಾದರೆ ಮಗ ತನ್ನ ಹೆಸರಿನಲ್ಲಿ ಜಿಎಸ್‌ಟಿ ನೋಂದಣಿ ಪಡೆಯಬೇಕು. ಹೊಣೆಗಳ ಸಹಿತ ವ್ಯವಹಾರ ವರ್ಗವಾದಾಗ ಉಳಿದ ಹೂಡುವಳಿ ತೆರಿಗೆ ಜಮೆಯನ್ನು ಐಟಿಸಿ-02 ನಮೂನೆಯ ಮೂಲಕ ದಾಟಿಸಬಹುದು. ಪಾಲುದಾರಿಕೆಯಾದರೆ 1932ರ ಕಾಯಿದೆಯಂತೆ ನಿವೃತ್ತಿಯ ಸಾರ್ವಜನಿಕ ಪ್ರಕಟಣೆ ನೀಡಬೇಕು; ಇಲ್ಲವಾದರೆ ನಂತರದ ವ್ಯವಹಾರಗಳಿಗೂ ಹೊಣೆ ತಗಲಬಹುದು. ಜಿಎಸ್‌ಟಿ ಆಯುಕ್ತರಿಗೆ ಒಂದು ತಿಂಗಳೊಳಗೆ ಲಿಖಿತವಾಗಿ ತಿಳಿಸದಿದ್ದರೆ, ಮಾಹಿತಿ ಅವರನ್ನು ತಲುಪುವ ದಿನದವರೆಗಿನ ತೆರಿಗೆಗೂ ನಿವೃತ್ತ ಪಾಲುದಾರ ಬಾಧ್ಯನಾಗುತ್ತಾನೆ. ಬ್ಯಾಂಕಿಗೆ ಕೊಟ್ಟ ವೈಯಕ್ತಿಕ ಜಾಮೀನು ತಾನಾಗಿ ಕಳಚಿಕೊಳ್ಳುವುದಿಲ್ಲ. ಬಿಡುಗಡೆಯ ಪತ್ರ ಪಡೆಯಬೇಕು. ನಿವೃತ್ತನ ಖರ್ಚಿಗೆ ಬೇಕಾದ ಹಣವನ್ನು ಅಂಗಡಿಯ ಬಂಡವಾಳದಿಂದ ಬೇರ್ಪಡಿಸಿ ಇಡುವುದೂ ಅಗತ್ಯ. ಪೆಟ್ರೋಲಿಗಾಗಿ ಮಗನ ಮುಂದೆ ಕೈಚಾಚುವ ಸ್ಥಿತಿ ಇಬ್ಬರಿಗೂ ಶೋಭೆಯಲ್ಲ.

ಮಗನಾಗಲಿ ಮಗಳಾಗಲಿ ಮೊದಲು ಕೆಲವು ತಪ್ಪುಗಳನ್ನು ಮಾಡುವುದು ಸಹಜ. ತಂದೆ ಊರಿನಲ್ಲಿದ್ದರೆ ಪ್ರತಿಯೊಂದು ತಪ್ಪಿಗೂ ಕೈಹಾಕುತ್ತಾರೆ. ಬೆಟ್ಟದ ಹಾದಿಯಲ್ಲಿದ್ದರೆ ಮಕ್ಕಳು ತಾವೇ ತಿದ್ದಿಕೊಳ್ಳುತ್ತಾರೆ. ಮೊದಲು ಎರಡು ದಿನ, ಆಮೇಲೆ ಒಂದು ವಾರ, ಅನಂತರ ಹದಿನೈದು ದಿನ ಹೀಗೆ ಹೊರಗಿದ್ದು ನೋಡುವುದು ಹಸ್ತಾಂತರಕ್ಕೆ ಉತ್ತಮ ತರಬೇತಿ. ಹಿಂದಿರುಗಿದಾಗ ಅಂಗಡಿ ಎಂದಿನಂತೆ ನಡೆದಿದ್ದರೆ ಬೇಸರಪಡಬೇಕಿಲ್ಲ. ನಲವತ್ತು ವರ್ಷಗಳ ದುಡಿಮೆಗೆ ಅದಕ್ಕಿಂತ ಒಳ್ಳೆಯ ಲಾಭ ಬೇರೊಂದಿಲ್ಲ.