ಒಣಗಿದ ಎಲೆಯಂತೆ ಕಾಣುವ ಚಿಟ್ಟೆ: ಈ ವೇಷ ಬಂದದ್ದು ಹೇಗೆ?

ಕಾಡುದಾರಿಯಲ್ಲಿ ನಡೆಯುವಾಗ ದೊಡ್ಡದೊಂದು ನೀಲಿ ಚಿಟ್ಟೆ ಥಟ್ಟನೆ ಎದ್ದು ಹಾರುತ್ತದೆ. ನಾಲ್ಕು ಮಾರು ದೂರ ಹೋಗಿ ಪೊದೆಯಲ್ಲಿ ಕೂರುತ್ತದೆ. ಕೂತ ಜಾಗವನ್ನು ಕಣ್ಣಾರೆ ಕಂಡಿದ್ದರೂ ಹತ್ತಿರ ಹೋದರೆ ಅಲ್ಲಿ ಚಿಟ್ಟೆಯಿಲ್ಲ, ಒಣಗಿದ ಎಲೆಗಳಷ್ಟೇ ಇವೆ. ಆ ‘ಎಲೆ’ಗಳಲ್ಲಿ ಒಂದು ಚಿಟ್ಟೆಯೇ!

ಇದು ಕಲ್ಲಿಮಾ ಕುಲದ ಚಿಟ್ಟೆ. ಏಷ್ಯಾದ ಉಷ್ಣವಲಯದ ಕಾಡುಗಳಲ್ಲಿ ಇದರ ಹಲವು ಪ್ರಭೇದಗಳಿವೆ. ನಮ್ಮ ಪಶ್ಚಿಮ ಘಟ್ಟಗಳಲ್ಲಿ ಕಾಣುವುದು ಕಲ್ಲಿಮಾ ಹಾರ್ಸ್‌ಫೀಲ್ಡಿ. ಜೀವವಿಜ್ಞಾನಿ ಆಲ್ಫ್ರೆಡ್ ರಸೆಲ್ ವಾಲೇಸ್ ಸುಮಾತ್ರಾದಲ್ಲಿ ಇಂಥದ್ದೇ ಚಿಟ್ಟೆಯನ್ನು ಹಿಡಿಯಲು ಹೋಗಿ ಮತ್ತೆ ಮತ್ತೆ ಮೋಸಹೋದದ್ದನ್ನು 1869ರ ತಮ್ಮ ಪ್ರವಾಸ ಗ್ರಂಥದಲ್ಲಿ ಬರೆದಿದ್ದಾರೆ.

ರೆಕ್ಕೆ ಮಡಚಿದಾಗ ಮುಂದಿನ ರೆಕ್ಕೆಯ ಚೂಪು ಕೊನೆ ಎಲೆಯ ತುದಿಯಂತೆ, ಹಿಂದಿನ ರೆಕ್ಕೆಯ ಪುಟ್ಟ ಬಾಲ ತೊಟ್ಟಿನಂತೆ ಕಾಣುತ್ತದೆ. ಎರಡನ್ನೂ ಸೇರಿಸುವ ಕಪ್ಪು ಗೆರೆಯೇ ನಡುನರ. ಬೂಷ್ಟು ಹಿಡಿದಂಥ ಚುಕ್ಕೆಗಳೂ ಇರುತ್ತವೆ.

ಹಾಗಾದರೆ ಇದು ಗೋಸುಂಬೆಯಂತೆ ಬಣ್ಣ ಬದಲಿಸುತ್ತದೆಯೇ?

ಇಲ್ಲ. ಚಿಟ್ಟೆಯನ್ನು ಮುಟ್ಟಿದಾಗ ಬೆರಳಿಗೆ ಪುಡಿ ಅಂಟುವುದನ್ನು ನಾವು ನೋಡಿದ್ದೇವೆ. ಅದು ರೆಕ್ಕೆಯ ಸೂಕ್ಷ್ಮ ಹುರುಪೆಗಳು, ಬಣ್ಣವಿರುವುದು ಅವುಗಳಲ್ಲೇ. ಚಿಟ್ಟೆ ಕೋಶದಿಂದ ಹೊರಬರುವ ಮುನ್ನವೇ ಅವು ರೂಪುಗೊಂಡಿರುತ್ತವೆ. ಆಮೇಲೆ ವಿನ್ಯಾಸ ಬದಲಿಸಲು ಚಿಟ್ಟೆಗೆ ಸಾಧ್ಯವಿಲ್ಲ. ರೆಕ್ಕೆಯ ಮೇಲ್ಭಾಗ ನೀಲಿ, ಕೆಳಭಾಗ ಕಂದು. ರೆಕ್ಕೆ ಮಡಚಿದ ಕೂಡಲೇ ನೀಲಿ ಮರೆಯಾಗುತ್ತದೆ. ನೀಲಿಯನ್ನು ಬೆನ್ನಟ್ಟಿ ಬಂದ ಹಕ್ಕಿ ಕಂದು ಎಲೆಯ ಮುಂದೆ ದಿಕ್ಕೆಟ್ಟು ನಿಲ್ಲುತ್ತದೆ.

ಇಷ್ಟು ನಿಖರವಾದ ವೇಷ ತಾನಾಗಿ ಬಂದೀತೇ?

ಇದು ಹಳೆಯ ಪ್ರಶ್ನೆ. ಅರೆಬರೆ ಎಲೆಯಂತಿದ್ದರೆ ಏನು ಪ್ರಯೋಜನ? ಹಾಗಾಗಿ ವೇಷ ಒಂದೇ ಜಿಗಿತಕ್ಕೆ ಬಂದಿರಬೇಕು ಎಂದು ತಳಿವಿಜ್ಞಾನಿ ರಿಚರ್ಡ್ ಗೋಲ್ಡ್‌ಶ್ಮಿಟ್ ವಾದಿಸಿದ್ದರು. ಆದರೆ ಹಕ್ಕಿ ಭೂತಗನ್ನಡಿ ಹಿಡಿದು ಹುಡುಕುವುದಿಲ್ಲ. ಮಬ್ಬು ಬೆಳಕಿನಲ್ಲಿ, ದೂರದಿಂದ, ಒಂದು ಕ್ಷಣ ಕಣ್ಣು ಹಾಯಿಸುತ್ತದೆ. ಆ ಒಂದು ಕ್ಷಣ ಅದನ್ನು ಏಮಾರಿಸಲು ಅರೆಬರೆ ಹೋಲಿಕೆಯೂ ಸಾಕು. ತುಸು ಹೆಚ್ಚು ಎಲೆಯಂತಿದ್ದ ಚಿಟ್ಟೆ ಬದುಕಿ ಮೊಟ್ಟೆಯಿಟ್ಟಿತು, ಉಳಿದದ್ದು ಹಕ್ಕಿಯ ಪಾಲಾಯಿತು. ಲೆಕ್ಕವಿಲ್ಲದಷ್ಟು ತಲೆಮಾರುಗಳಲ್ಲಿ ಹೀಗೇ ನಡೆಯಿತು.

2014ರಲ್ಲಿ ಜಪಾನಿನ ವಿಜ್ಞಾನಿಗಳು ಕಲ್ಲಿಮಾ ಮತ್ತು ಅದರ ಸಂಬಂಧಿ ಚಿಟ್ಟೆಗಳ ರೆಕ್ಕೆಯ ವಿನ್ಯಾಸಗಳನ್ನು ಹೋಲಿಸಿ ನೋಡಿದರು. ನಡುನರದಂಥ ಗೆರೆ ಹೊಸದಾಗಿ ಹುಟ್ಟಿದ್ದಲ್ಲ. ಬೇರೆ ಚಿಟ್ಟೆಗಳಲ್ಲೂ ಇರುವ ಪಟ್ಟಿಗಳೇ ಹಂತ ಹಂತವಾಗಿ ಸರಿದು, ಸಾಲುಗೂಡಿ ಹಾಗಾಗಿವೆ ಎಂದು ತಿಳಿಯಿತು. 2022ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದ ಪ್ರಕಾರ, ಈ ಚಿಟ್ಟೆಗಳಲ್ಲಿ ಎಲೆಯ ವಿನ್ಯಾಸ ಒಂದೊಂದರಲ್ಲಿ ಒಂದೊಂದು ಬಗೆಯಾಗಿರಲು ‘ಕಾರ್ಟೆಕ್ಸ್’ ಎಂಬ ಜೀನ್ ಕಾರಣ. ಈ ವೈವಿಧ್ಯವೂ ಉಪಯೋಗದ್ದೇ. ಎಲ್ಲ ಚಿಟ್ಟೆಗಳೂ ಒಂದೇ ಎಲೆಯಂತಿದ್ದರೆ ಹಕ್ಕಿ ಆ ಎಲೆಯ ಗುರುತನ್ನು ಬೇಗ ಕಲಿತುಬಿಡುತ್ತಿತ್ತು.

ಹಾಗಾಗಿ ‘ಚಿಟ್ಟೆ ಶತ್ರುವಿನಿಂದ ಪಾರಾಗಲು ಎಲೆಯ ವೇಷ ಹಾಕಿತು’ ಎಂದು ನಾವು ಹೇಳುವುದು ಮಾತಿನ ಅನುಕೂಲಕ್ಕೆ ಮಾತ್ರ. ತಾನು ಎಲೆಯಂತಿದ್ದೇನೆಂಬುದು ಚಿಟ್ಟೆಗೆ ಗೊತ್ತೇ ಇಲ್ಲ. ಈ ವೇಷವನ್ನು ತಿದ್ದಿ ತೀಡಿದ್ದು ಅದನ್ನು ತಿನ್ನಲು ಹುಡುಕಿದ ಹಕ್ಕಿಗಳ ಕಣ್ಣು.