ಪಹಣಿಯ ಭಾಷೆ: ಗಡಿಯಲ್ಲಿ ಗಣಕೀಕೃತ ಆಡಳಿತ

ಕೋಸಗಿಯ ಕಿರಾಣಿ ಅಂಗಡಿಯಲ್ಲಿ ಮೊಬೈಲಿನಿಂದ ಹಣ ಪಾವತಿಸುವವನ ಮಾತೃಭಾಷೆ ಯಾವುದೆಂದು ಯಾರೂ ಕೇಳುವುದಿಲ್ಲ. ಮೊತ್ತ, ಗುಪ್ತಸಂಖ್ಯೆ ಇವೆರಡೇ ಸಾಕು. ಆತನೇ ಹೊಲದ ಪಹಣಿಗಾಗಿ ಮೀಸೇವಾ ಕೇಂದ್ರಕ್ಕೆ ಹೋದರೆ ವ್ಯವಹಾರವು ಅಂಕಿಯಿಂದ ಅಕ್ಷರಕ್ಕೆ ದಾಟುತ್ತದೆ.

ಈ ಎರಡೂ ಸೌಲಭ್ಯಗಳ ಬುನಾದಿ ರಾಷ್ಟ್ರಮಟ್ಟದ್ದು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯು, ಲಿಖಿತ ರೂಪ ಬೇಕೆಂದು ಕಾನೂನು ವಿಧಿಸುವೆಡೆ ವಿದ್ಯುನ್ಮಾನ ದಾಖಲೆಯೂ ಸಲ್ಲುವುದೆಂದು ಸಾರಿತು. ಡಿಜಿಟಲ್ ಸಹಿಗೂ ಮಾನ್ಯತೆ ನೀಡಿತು. (ಉಯಿಲು ಇಂದಿಗೂ ಅದರ ಹೊರಗಿದೆ.) ಗುರುತಿಗೆ ಆಧಾರ್, ಪಾವತಿಗೆ 2016ರಲ್ಲಿ ಬಂದ ಯುಪಿಐ ಸೇರಿದ ಮೇಲೆ ವ್ಯಾಪಾರವು ಸರಾಗವಾಯಿತು.

ಭೂದಾಖಲೆಯ ಕಥೆ ಬೇರೆ. ತೆಲಂಗಾಣವು 2020ರಲ್ಲಿ ಧರಣಿ ಜಾಲತಾಣವನ್ನು ತಂದು, 2025ರ ಏಪ್ರಿಲಿನಲ್ಲಿ ಅದರ ಸ್ಥಾನಕ್ಕೆ ಭೂ ಭಾರತಿಯನ್ನು ತಂದಿತು. ಮೊದಲು ಪ್ರಯೋಗಕ್ಕೆ ಆಯ್ದ ನಾಲ್ಕು ಮಂಡಲಗಳಲ್ಲಿ ಕೋಸಗಿಯ ನೆರೆಯ ಮದ್ದೂರೂ ಒಂದು. ಪಹಣಿ ಎಂಬ ಪದ ರಾಯಚೂರು, ಕಲಬುರಗಿಗಳಲ್ಲೂ ನಾರಾಯಣಪೇಟೆಯಲ್ಲೂ ಒಂದೇ. 1956ರವರೆಗೆ ಇವೆಲ್ಲ ಹೈದರಾಬಾದ್ ರಾಜ್ಯದ ಭಾಗಗಳಾಗಿದ್ದವು. ಇಂದು ಕರ್ನಾಟಕದ ಭೂಮಿ ಯೋಜನೆ ಪಹಣಿಯನ್ನು ಕನ್ನಡದಲ್ಲಿ ಮುದ್ರಿಸುತ್ತದೆ. ಗಡಿಯಾಚೆ ಅದು ತೆಲುಗಿನದು.

ಲಿಪಿಶಾಸ್ತ್ರದ ವಿದ್ಯಾರ್ಥಿಗೆ ಇಲ್ಲೊಂದು ಸ್ವಾರಸ್ಯವಿದೆ. ಕನ್ನಡ, ತೆಲುಗು ಲಿಪಿಗಳು ಒಂದೇ ಮೂಲದಿಂದ ಕವಲೊಡೆದವು. ಕಣ್ಣಿಗೆ ಅವು ಅಕ್ಕತಂಗಿಯರು. ಯೂನಿಕೋಡ್‌ನಲ್ಲಿ ಮಾತ್ರ ಪ್ರತ್ಯೇಕ ಸಂಕೇತಗಳು. ಕನ್ನಡದ ಕ, ತೆಲುಗಿನ ಕ ಗಣಕಕ್ಕೆ ಎರಡು ಬೇರೆ ಅಕ್ಷರಗಳೇ. ಕನ್ನಡದ ಹೆಸರು ತೆಲುಗಿಗೂ ಇಂಗ್ಲಿಷಿಗೂ ಇಳಿಯುವಾಗ ಒಂದು ದೀರ್ಘ ಕುಗ್ಗಿದರೂ ಆಧಾರಿನ ಹೆಸರಿಗೂ ಪಹಣಿಯ ಹೆಸರಿಗೂ ತಾಳೆಯಾಗದಿರಬಹುದು. ಆಗ ತಿದ್ದುಪಡಿಯ ಅರ್ಜಿ, ಮತ್ತೆ ಓಡಾಟ.

ಸಂವಿಧಾನದ 350ನೆಯ ವಿಧಿಯಂತೆ, ಒಕ್ಕೂಟದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಪ್ರಜೆಯು ಅಹವಾಲು ಸಲ್ಲಿಸಬಹುದು. ಕಾಗದದ ಕಾಲದಲ್ಲಿ ಆ ಭಾಷೆಯನ್ನು ಬರೆಯುವವನೇ ಆರಿಸಿಕೊಳ್ಳುತ್ತಿದ್ದ. ಈಗ ನಮೂನೆಯನ್ನು ರೂಪಿಸಿದವರು ಮೊದಲೇ ಆರಿಸಿಟ್ಟಿರುತ್ತಾರೆ. ಹಕ್ಕು ರದ್ದಾಗಿಲ್ಲ, ಅದನ್ನು ಬರೆಯಲು ಜಾಗವಿಲ್ಲ. ತೆಲುಗು ಕಲಿತ ಕಿರಿಯರಿಗೆ ಇದು ತೊಡಕೆನಿಸದು. ಕನ್ನಡವನ್ನಷ್ಟೇ ಓದಬಲ್ಲ ಹಿರಿಯರು ಕೇಂದ್ರದ ನಿರ್ವಾಹಕನಿಗೆ ಬಾಯಿಂದ ವಿವರ ಹೇಳಿ, ಆತ ಬೆರಳಚ್ಚು ಮಾಡಿದ್ದರ ಕೆಳಗೆ ಹೆಬ್ಬೆರಳೊತ್ತಿ, ಕೈಗೆ ಬಂದ ರಸೀದಿಯನ್ನು ಮನೆಯ ಮೊಮ್ಮಕ್ಕಳಿಂದ ಓದಿಸಿಕೊಳ್ಳಬೇಕಾಗುತ್ತದೆ.