ಮೊದಲ ಚೆಸ್ ಪಂದ್ಯಾವಳಿಗೆ ಮುನ್ನ ಕೈಗೂ ಬೇಕು ಅಭ್ಯಾಸ

2024ರ ಡಿಸೆಂಬರ್‌ನಲ್ಲಿ ಸಿಂಗಪುರದಲ್ಲಿ 18ರ ಹರೆಯದ ಡಿ. ಗುಕೇಶ್ ವಿಶ್ವ ಚಾಂಪಿಯನ್ ಆದ ಸುದ್ದಿ ಕೇಳಿ ಮಕ್ಕಳ ಮುಂದೆ ಚದುರಂಗದ ಮಣೆ ಇರಿಸಿದ ತಂದೆತಾಯಂದಿರು ಇದ್ದಾರೆ. ಮನೆಯಲ್ಲಿ ಅಜ್ಜನನ್ನೂ ಅಣ್ಣನನ್ನೂ ಸೋಲಿಸಿದ ಮಗು ಮೊದಲ ಪಂದ್ಯಾವಳಿಯಿಂದ ಅಳುಮೋರೆ ಹೊತ್ತು ಹಿಂದಿರುಗುವುದುಂಟು. ಆಟ ಬಾರದೆ ಸೋತದ್ದು ಎನ್ನುವಂತಿಲ್ಲ. ಮನೆಯ ಆಟಕ್ಕೂ ಸ್ಪರ್ಧೆಯ ಆಟಕ್ಕೂ ಇರುವ ಅಂತರವನ್ನು ಯಾರೂ ತಿಳಿಸಿಕೊಡದೆ ಸೋತ ಉದಾಹರಣೆಗಳೇ ಹೇರಳ.

ನಮ್ಮ ಹಳೆಯ ಮನೆಯಾಟದಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಸರಿಯುವ ರೂಢಿಯಿದೆ, ಕ್ಯಾಸ್ಲಿಂಗ್ ಇಲ್ಲ. ಹಾಗೆ ಕಲಿತವರು ಮೊದಲು ಅಂತಾರಾಷ್ಟ್ರೀಯ ನಿಯಮಗಳನ್ನು ಅರಿಯಬೇಕು. ಅವುಗಳಲ್ಲಿ ಎಳೆಯರನ್ನು ಹೆಚ್ಚು ಕಾಡುವುದು ಸ್ಪರ್ಶದ ನಿಯಮ. ಉದ್ದೇಶಪೂರ್ವಕವಾಗಿ ಮುಟ್ಟಿದ ಕಾಯಿಗೆ ಸಾಧ್ಯವಾದ ನಡೆಯಿದ್ದರೆ ಅದನ್ನೇ ನಡೆಸಬೇಕು. ಎದುರಾಳಿಯ ಕಾಯಿ ಮುಟ್ಟಿದರೆ, ಸಾಧ್ಯವಿದ್ದಲ್ಲಿ ಅದನ್ನು ಹೊಡೆಯಲೇಬೇಕು. ಓರೆಯಾಗಿ ನಿಂತ ಕಾಯಿಯನ್ನು ಸರಿಪಡಿಸುವುದಾದರೆ ತನ್ನ ಸರದಿಯಲ್ಲಿ, ಮುಟ್ಟುವ ಮೊದಲೇ, 'ಅಡ್ಜಸ್ಟ್' ಎಂದು ಹೇಳಬೇಕು. ಕ್ಯಾಸ್ಲಿಂಗ್ ಮಾಡುವಾಗ ಮೊದಲು ರಾಜ, ಬಳಿಕ ಆನೆ, ಅದೂ ಒಂದೇ ಕೈಯಲ್ಲಿ. ಆನೆಯನ್ನು ಮೊದಲು ಮುಟ್ಟಿದರೆ ಆ ನಡೆಯಲ್ಲಿ ಆ ಬದಿಯ ಕ್ಯಾಸ್ಲಿಂಗ್ ಕೈತಪ್ಪಿತು. ಇದನ್ನೆಲ್ಲ ಓದಿದರೆ ಸಾಲದು. ಪಂದ್ಯಾವಳಿಗೆ ಮೂರು ವಾರಗಳಿರುವಾಗಲೇ ಮನೆಯ ಪ್ರತಿ ಆಟದಲ್ಲೂ ಈ ನಿಯಮವನ್ನು ನಿರ್ದಾಕ್ಷಿಣ್ಯವಾಗಿ ಪಾಲಿಸಬೇಕು. 'ಪಾಪ, ಚಿಕ್ಕವನು, ಹಿಂದಕ್ಕೆ ತೆಗೆದುಕೊಳ್ಳಲಿ' ಎನ್ನುವ ಅಜ್ಜನ ವಾತ್ಸಲ್ಯ ಇಲ್ಲಿ ಅಪಕಾರವೇ ಸರಿ.

ಗಡಿಯಾರದ ವಿಷಯವೂ ಹಾಗೆಯೇ. ಯಾವ ಕೈಯಿಂದ ಕಾಯಿ ನಡೆಸಿದರೋ ಅದೇ ಕೈಯಿಂದ ಗುಂಡಿ ಒತ್ತಬೇಕು. ಒತ್ತಲು ಮರೆತರೆ ಕರಗುವುದು ತನ್ನದೇ ಸಮಯ, ಎದುರಾಳಿ ಅದನ್ನು ನೆನಪಿಸಬೇಕಾಗಿಲ್ಲ. ನಿಯಮಬಾಹಿರ ನಡೆ ಪೂರೈಸಿದರೆ, ಅಂದರೆ ಷಹ ಬಿದ್ದ ರಾಜನನ್ನು ಹಾಗೆಯೇ ಬಿಟ್ಟು ಬೇರೆ ಕಾಯಿ ನಡೆಸಿ ಗುಂಡಿ ಒತ್ತಿದರೆ, ದೀರ್ಘಾವಧಿಯ ಆಟದಲ್ಲಿ ಎದುರಾಳಿಗೆ ಎರಡು ನಿಮಿಷ ಹೆಚ್ಚುವರಿ ದೊರೆಯುತ್ತದೆ. ಎರಡನೆಯ ಬಾರಿಗೆ ಸಾಮಾನ್ಯವಾಗಿ ಆಟವೇ ಹೋಯಿತು. ಎದುರಾಳಿಯೇ ತಪ್ಪಿದರೆ ವಾದ ಬೇಡ. ಗಡಿಯಾರ ನಿಲ್ಲಿಸಿ, ಕೈ ಎತ್ತಿ, ತೀರ್ಪುಗಾರರನ್ನು ಕರೆಯಬೇಕು. ಸಂಕೋಚದ ಮಕ್ಕಳಿಗೆ ಇದನ್ನು ಮನೆಯಲ್ಲೇ ಆಡಿ ತೋರಿಸುವುದು ಒಳಿತು.

ದೀರ್ಘಾವಧಿಯ ಪಂದ್ಯಗಳಲ್ಲಿ ಪ್ರತಿ ನಡೆಯನ್ನೂ ಬರೆಯುವುದು ಕಡ್ಡಾಯ, ರ್ಯಾಪಿಡ್‌ನಲ್ಲಿ ಕಡ್ಡಾಯವಿಲ್ಲ. ಮೊದಲು ನಡೆ, ಆನಂತರ ಬರಹ. ಇ4, ಡಿ5 ಎಂಬ ಮನೆಗಳ ಹೆಸರು ಕಣ್ಣಿಗೆ ಒಗ್ಗಿರದಿದ್ದರೆ ಬರೆಯುವುದರಲ್ಲೇ ಅರ್ಧ ಸಮಯ ಸವೆಯುತ್ತದೆ.

ಆರಂಭದ ನಡೆಗಳ ಹತ್ತಾರು ಸರಣಿಗಳನ್ನು ಉರು ಹೊಡೆಸುವ ಉತ್ಸಾಹ ಈಗ ಹೆಚ್ಚು. ಬಿಳಿಗೆ ಒಂದು, ಕಪ್ಪಿಗೆ ಎರಡು ಸಾಕು ಎಂಬುದು ಈ ಲೇಖಕನ ಅಭಿಪ್ರಾಯ. ಉಳಿದ ಸಮಯವನ್ನು ಒಂಟಿ ರಾಜನಿಗೆ ಮಂತ್ರಿಯಿಂದಲೂ ಆನೆಯಿಂದಲೂ ಮಾತ್ ಕೊಡುವ ಅಭ್ಯಾಸಕ್ಕೆ ಮೀಸಲಿಡಬೇಕು. ಗೆದ್ದ ಆಟದಲ್ಲಿ ಎದುರಾಳಿಯ ರಾಜನಿಗೆ ಷಹವೂ ಇಲ್ಲದೆ ಹೆಜ್ಜೆಯಿಡಲು ಮನೆಯೂ ಇಲ್ಲದಂತೆ ಮಾಡಿ ಡ್ರಾ ಮಾಡಿಕೊಳ್ಳುವ ಮಕ್ಕಳು ಕಡಿಮೆಯೇನಿಲ್ಲ.

ಮೊಬೈಲನ್ನು ಸಭಾಂಗಣದೊಳಗೆ ಒಯ್ಯದಿರುವುದೇ ಲೇಸು. 2002ರಲ್ಲಿ ಫಿಡೆ ವಿಶ್ವ ಚಾಂಪಿಯನ್ ಪಟ್ಟ ಗೆದ್ದಿದ್ದ ಉಕ್ರೇನಿನ ರುಸ್ಲಾನ್ ಪೊನೊಮರಿಯೊವ್, 2003ರ ಯುರೋಪಿಯನ್ ತಂಡ ಚಾಂಪಿಯನ್‌ಷಿಪ್‌ನಲ್ಲಿ ಆಟದ ನಡುವೆ ಫೋನು ರಿಂಗಣಿಸಿದ ಕಾರಣಕ್ಕೆ ಆ ಆಟವನ್ನೇ ಕಳೆದುಕೊಂಡರು.

ಪಾಲಕರು ಮುಂಚಿತವಾಗಿ ತಿಳಿದಿರಬೇಕಾದ ಸಂಗತಿ ಇನ್ನೊಂದಿದೆ. ಇಂತಹ ಪಂದ್ಯಾವಳಿಗಳು ಸಾಮಾನ್ಯವಾಗಿ ಸ್ವಿಸ್ ಪದ್ಧತಿಯಲ್ಲಿ ನಡೆಯುತ್ತವೆ. ರೇಟಿಂಗ್ ಪ್ರಕಾರ ಪಟ್ಟಿ ಮಾಡಿ, ಮೇಲಿನ ಅರ್ಧದವರನ್ನು ಕೆಳಗಿನ ಅರ್ಧದವರೊಡನೆ ಮೊದಲ ಸುತ್ತಿನಲ್ಲಿ ಜೋಡಿಸುತ್ತಾರೆ. ರೇಟಿಂಗ್ ಇಲ್ಲದ ಹೊಸಬರು ಪಟ್ಟಿಯ ಕೊನೆಯಲ್ಲಿರುವುದರಿಂದ ಬಲಿಷ್ಠರೇ ಎದುರಾಗುವ ಸಂಭವ ಹೆಚ್ಚು. ಸೋತವರು ಹೊರಬೀಳುವುದಿಲ್ಲ, ಮುಂದಿನ ಸುತ್ತುಗಳಲ್ಲಿ ಆದಷ್ಟೂ ಸಮಾನ ಅಂಕದವರೊಡನೆ ಆಡುತ್ತಾರೆ. ಆದ್ದರಿಂದ ಬೆಳಗಿನ ಸೋಲು ಕಂಡು ಮಗುವನ್ನು ಮಧ್ಯಾಹ್ನವೇ ಮನೆಗೆ ಕರೆದೊಯ್ದರೆ ಅದಕ್ಕೆ ತಕ್ಕ ಎದುರಾಳಿ ಸಿಗುವ ಹೊತ್ತಿಗೇ ಎಬ್ಬಿಸಿಕೊಂಡು ಹೋದಂತಾಗುತ್ತದೆ. ಅನಿವಾರ್ಯವಾಗಿ ಹೋಗಲೇಬೇಕಾದರೆ ತೀರ್ಪುಗಾರರಿಗೆ ತಿಳಿಸಿಯೇ ಹೋಗಬೇಕು, ಇಲ್ಲವಾದರೆ ಮುಂದಿನ ಸುತ್ತಿನಲ್ಲಿ ಇನ್ನಾರದೋ ಮಗು ಖಾಲಿ ಕುರ್ಚಿಯ ಎದುರು ಕಾಯುತ್ತಾ ಕುಳಿತಿರುತ್ತದೆ.